ತಾಳಮದ್ದಳೆಯನ್ನು ಆರು ಚಾನೆಲ್‌ಗೆ ಇಳಿಸಿದ್ದು

ತಾಳಮದ್ದಳೆ ಎಂದರೆ ಕೂತು ನಡೆಸುವ ಯಕ್ಷಗಾನ, ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಿಂದೆ ನಡುವಿನಲ್ಲಿ ಪದ್ಯ ಹಾಡುವ ಭಾಗವತರು, ಅವರ ಆಚೀಚೆ ಮದ್ದಳೆ ಚಂಡೆ. ಮುಂದೆ ಎರಡೂ ಬದಿಯಲ್ಲಿ ಎದುರುಬದುರಾಗಿ ಪಾತ್ರಗಳ ಮಾತಾಡುವ ಅರ್ಥಧಾರಿಗಳು. ಪದ್ಯ ಮುಗಿಯುತ್ತಿದ್ದಂತೆ ಮಾತು ಶುರು. ಸಭೆಗೆ ಬಂದವನಿಗೆ ಸಿಗುವುದೆಲ್ಲ ಕಿವಿಯಿಂದಲೇ ಸಿಗಬೇಕು. ಆದರೂ 5.1, ಅಂದರೆ ಸುತ್ತ ಐದು ಸ್ಪೀಕರ್ ಮತ್ತೊಂದು ಸಬ್‌ವೂಫರಿನ ಸರೌಂಡ್, ಎಂದೊಡನೆ ನಮ್ಮವರಿಗೆ ನೆನಪಾಗುವುದು ತಲೆಯ ಮೇಲೆ ಹಾರುವ ಹೆಲಿಕಾಪ್ಟರು, ಸುತ್ತ ಸಿಡಿಯುವ ಬಾಂಬು. ತಾಳಮದ್ದಳೆಯನ್ನು ಸರೌಂಡ್‌ನಲ್ಲಿ ಮಿಕ್ಸ್ ಮಾಡುತ್ತೇನೆ ಎಂದಾಗ ಸಂಘದವರು ನಕ್ಕಿದ್ದು ಸಹಜವೇ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತುಗಾರಿಕೆಯನ್ನು ನಾವೆಲ್ಲ ಒಂದೇ ಸ್ಪೀಕರಿನ ಟೇಪ್‌ರೆಕಾರ್ಡರಿನಲ್ಲಿ ಕೇಳಿ ಬೆಳೆದವರು. ವಾದ ಗಟ್ಟಿಯಾಗಿದ್ದರೆ ಒಂದು ಸ್ಪೀಕರ್ ಸಾಕು, ಅದನ್ನು ನಾನೂ ಒಪ್ಪುತ್ತೇನೆ. ನನಗೆ ಬೇಕಾಗಿದ್ದದ್ದು ವಾದಕ್ಕಿಂತ ಹೆಚ್ಚಾಗಿ ಆ ಸಭೆ. ಮಳೆಗಾಲದ ತಾಳಮದ್ದಳೆ, ತಗಡಿನ ಮಾಡು, ಹಿಂದಿನ ಸಾಲಿನಿಂದ ಬರುವ ನಗು, ಇವೆಲ್ಲ ಮಾತಿನ ಜೊತೆಗೇ ಇರಬೇಕಿತ್ತು.

ನೆಪವಾಗಿ ಸಿಕ್ಕಿದ್ದು ಬೆಂಗಳೂರಿನಲ್ಲಿರುವ ನನ್ನ ಭಾವನ ಹೋಮ್ ಥಿಯೇಟರ್. ಅವನ ಟಿವಿಯಿಂದ ಆಂಪ್ಲಿಫೈಯರಿಗೆ ಹೋಗುವುದು ಆಪ್ಟಿಕಲ್ ಕೇಬಲ್. ಈ ಒಂದು ಸಂಗತಿ ನನ್ನ ಕೆಲಸದ ಅರ್ಧ ದಿಕ್ಕನ್ನು ನಿರ್ಧರಿಸಿಬಿಟ್ಟಿತು. ಆಪ್ಟಿಕಲ್ ದಾರಿಯಲ್ಲಿ ಸಂಕುಚಿಸದ ಧ್ವನಿಯಾದರೆ ಎರಡೇ ಚಾನೆಲ್ ಹೋಗಬಲ್ಲದು. ಆರು ಚಾನೆಲ್ ಬೇಕೆಂದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಹಿಂಡಿ ಕಳಿಸಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನ ಆರು ಚಾನೆಲ್ ಎಂದರೆ ಸೆಕೆಂಡಿಗೆ ಸುಮಾರು 69 ಲಕ್ಷ ಬಿಟ್. ಡಾಲ್ಬಿ ಡಿಜಿಟಲ್, ಅಂದರೆ ಎಸಿ-3, ಅದನ್ನು 4,48,000 ಬಿಟ್‌ಗೆ ಇಳಿಸುತ್ತದೆ. ಹದಿನೈದು ಪಟ್ಟು ಕಡಿಮೆ. 1992ರಲ್ಲಿ ಚಿತ್ರಮಂದಿರಕ್ಕೆ ಬಂದ ಹಳೆಯ ತಂತ್ರ ಇದು, ಪೇಟೆಂಟುಗಳ ಅವಧಿಯೂ 2017ಕ್ಕೆ ಮುಗಿದಿದೆ. ಹಳೆಯದಾದರೇನು, ಯಾವ ಮೂಲೆಯ ಆಂಪ್ಲಿಫೈಯರ್ ಆದರೂ ಇದನ್ನು ಅರ್ಥ ಮಾಡಿಕೊಳ್ಳುತ್ತದೆ. ತಲೆಯ ಮೇಲಿನಿಂದಲೂ ಸದ್ದು ಬರಿಸುವ ಡಾಲ್ಬಿಯ ಅಟ್ಮಾಸ್ ಯಾಕೆ ಬೇಡ ಎಂದು ಕೇಳುವವರಿಗೆ: ಮಾಡಿನ ಮೇಲಿನ ಮಳೆಗೆ ಅದೇ ಸರಿ, ಒಪ್ಪಿದೆ, ಆದರೆ ಭಾವನ ಮನೆಯ ಮಾಡಿನಲ್ಲಿ ಸ್ಪೀಕರ್ ಇಲ್ಲ, ನನ್ನ ಮನೆಯಲ್ಲೂ ಇಲ್ಲ.

ಧ್ವನಿಮುದ್ರಣದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಲಾವಿದರ ಒಪ್ಪಿಗೆ ಪಡೆದು, ಆರು ಟ್ರ್ಯಾಕಿನ ಜೂಮ್ ಎಚ್6 ರೆಕಾರ್ಡರನ್ನು ಮುಂದಿನ ಸಾಲಿನ ಎದುರು ಇಟ್ಟೆ. ಅದರ ತಲೆಯಲ್ಲಿರುವ ಜೋಡಿ ಮೈಕಿಗೆ ಎರಡು ಟ್ರ್ಯಾಕ್. ಉಳಿದ ನಾಲ್ಕರಲ್ಲಿ ಭಾಗವತರಿಗೊಂದು, ಚಂಡೆ ಮದ್ದಳೆಗಳ ನಡುವೆ ಒಂದು, ಎಡಬಲದ ಅರ್ಥಧಾರಿಗಳಿಗೆ ಒಂದೊಂದು. ಸಭಾಭವನದ ಹಿಂಬದಿಯಲ್ಲಿ, ರಂಗದಿಂದ ಸುಮಾರು ನಲವತ್ತು ಅಡಿ ದೂರದಲ್ಲಿ, ಇನ್ನೊಂದು ಪುಟ್ಟ ಸ್ಟೀರಿಯೊ ರೆಕಾರ್ಡರನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆ. ಧ್ವನಿವರ್ಧಕದವನಿಗೆ ವಾಲ್ಯೂಮ್ ಸ್ವಲ್ಪ ತಗ್ಗಿಸು ಮಾರಾಯ ಎಂದು ಕೇಳಿಕೊಂಡದ್ದೂ ಆಯಿತು, ಅವನು ಸಂಜೆಯ ಮೊದಲರ್ಧ ಕೇಳಿದ್ದೂ ಆಯಿತು. ಪ್ರಸಂಗ ವಾಲಿವಧೆ. ಎಡಗಡೆ ವಾಲಿ, ಬಲಗಡೆ ರಾಮ. ಬಾಣ ನಾಟಿದ ಮೇಲೆ ನಡೆಯುವ ಪ್ರಶ್ನೋತ್ತರವೇ ಆ ರಾತ್ರಿಯ ತಿರುಳು.

ಮನೆಯಲ್ಲಿ ಇದ್ದದ್ದು ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಸಾಮಾನ್ಯ ಕಂಪ್ಯೂಟರ್, ಸೆಕೆಂಡ್‌ಹ್ಯಾಂಡ್ 5.1 ಸ್ಪೀಕರ್ ಸೆಟ್. ಪ್ರತ್ಯೇಕ ಸೌಂಡ್ ಕಾರ್ಡ್ ಇಲ್ಲ. ಮದರ್‌ಬೋರ್ಡಿನ ಹಿಂದಿರುವ ಬಣ್ಣಬಣ್ಣದ ತೂತುಗಳನ್ನು ಬಹಳ ಜನ ಗಮನಿಸಿರುವುದೇ ಇಲ್ಲ: ಹಸಿರು ಮುಂದಿನ ಎಡಬಲಕ್ಕೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ನಡುವಿನ ಸ್ಪೀಕರಿಗೂ ಸಬ್‌ವೂಫರಿಗೂ. ಮೂರು ತಂತಿ ಚುಚ್ಚಿದರೆ ಆರು ಚಾನೆಲ್. ಕೆಲವು ಸ್ಪೀಕರ್ ಸೆಟ್‌ಗಳಲ್ಲಿ ಕಿತ್ತಳೆ ತಂತಿಯೊಳಗಿನ ನಡು ಮತ್ತು ಸಬ್ ಅದಲುಬದಲಾಗಿರುತ್ತವೆ. ಭಾಗವತರ ಸ್ವರ ಮೇಜಿನಡಿಯ ಪೆಟ್ಟಿಗೆಯಿಂದ ಗೊಗ್ಗರಾಗಿ ಬಂದರೆ ಗಾಬರಿ ಬೇಡ, ರಿಯಲ್‌ಟೆಕ್ ಡ್ರೈವರಿನಲ್ಲಿ ಅದನ್ನು ತಿರುಗಿಸುವ ಆಯ್ಕೆಯೊಂದಿದೆ.

ಸ್ಪೀಕರ್ ಇಡುವ ಜಾಗಕ್ಕೆ ಐಟಿಯು, ಅಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ಕೇಳುಗನ ನೇರ ಎದುರಿಗೆ ನಡುವಿನದು, ಅದರಿಂದ ಎಡಕ್ಕೂ ಬಲಕ್ಕೂ 30 ಡಿಗ್ರಿಯಲ್ಲಿ ಮುಂದಿನವು, 100ರಿಂದ 120 ಡಿಗ್ರಿಯೊಳಗೆ ಹಿಂದಿನವು. ಹಿಂದಿನವು ಎನ್ನುವುದೇ ದಾರಿ ತಪ್ಪಿಸುವ ಮಾತು. 110 ಡಿಗ್ರಿ ಎಂದರೆ ಕಿವಿಯ ಪಕ್ಕಕ್ಕಿಂತ ತುಸುವೇ ಹಿಂದೆ. ಹೆಚ್ಚಿನ ಮನೆಗಳಲ್ಲಿ ಇವು ಸೋಫಾದ ಬೆನ್ನ ಹಿಂದೆ ಗೋಡೆಯ ಮೂಲೆಯಲ್ಲಿ ಕೂತಿರುತ್ತವೆ. ನನ್ನ ಕೋಣೆಯಲ್ಲಿ ಬಲಗಡೆ ಕಪಾಟು, ಎಡಗಡೆ ಬಾಗಿಲು. ಕಪಾಟಿನ ಮೇಲೊಂದು, ಸ್ಟೂಲಿನ ಮೇಲೊಂದು ಇಟ್ಟು, ಪ್ರತಿ ಸ್ಪೀಕರಿಗೂ ಪಿಂಕ್ ನಾಯ್ಸ್ ಎಂಬ ಪರೀಕ್ಷೆಯ ಸದ್ದು ಕೊಟ್ಟು, ಕುರ್ಚಿಯಲ್ಲಿ ಕಿವಿ ಇರುವ ಎತ್ತರದಲ್ಲಿ ಫೋನ್ ಹಿಡಿದು, ಸದ್ದು ಅಳೆಯುವ ಆಪ್‌ನಲ್ಲಿ ಐದೂ ಒಂದೇ ಅಂಕಿ ತೋರಿಸುವ ತನಕ ಹೊಂದಿಸಿದೆ. ಫೋನಿನ ಅಂಕಿ ನಿಖರವಲ್ಲದಿದ್ದರೂ ಐದನ್ನು ಪರಸ್ಪರ ಹೋಲಿಸಲು ಸಾಕಾಗುತ್ತದೆ. ಇದನ್ನು ಬಿಟ್ಟು ಮಿಕ್ಸಿಗೆ ಕೂರುವುದು ತಕ್ಕಡಿ ನೋಡದೆ ತೂಗಿದ ಹಾಗೆ.

ಮಿಕ್ಸ್ ಮಾಡಿದ್ದು ರೀಪರ್ ಎಂಬ ಸಾಫ್ಟ್‌ವೇರ್‌ನಲ್ಲಿ. ಅದರಲ್ಲಿ ಯಾವ ಟ್ರ್ಯಾಕನ್ನಾದರೂ ಆರು ಚಾನೆಲ್ ಮಾಡಬಹುದು, ಜೊತೆಗೇ ಬರುವ ಸರೌಂಡ್ ಪ್ಯಾನರ್‌ನಲ್ಲಿ ಸದ್ದಿನ ಚುಕ್ಕೆಯನ್ನು ಮೌಸಿನಿಂದ ಎಳೆದು ಕೋಣೆಯೊಳಗೆ ಎಲ್ಲಿ ಬೇಕೋ ಅಲ್ಲಿಡಬಹುದು. ಆದರೆ ಅದಕ್ಕೆ ಮೊದಲು ಎರಡು ರೆಕಾರ್ಡರುಗಳನ್ನು ಒಂದೇ ಕಾಲಕ್ಕೆ ತರಬೇಕು. ಪ್ರತಿ ರೆಕಾರ್ಡರಿನೊಳಗೂ ತನ್ನದೇ ಗಡಿಯಾರ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡ್ ಹೆಚ್ಚುಕಮ್ಮಿಯಾಗುತ್ತದೆ. ಆರಂಭದ ಚಂಡೆಯ ಪೆಟ್ಟಿಗೆ ಎರಡನ್ನೂ ಕೂಡಿಸಿ ಕೊನೆಯ ಮಂಗಳಪದ್ಯದ ಹತ್ತಿರ ಹೋಗಿ ನೋಡಿದರೆ, ಹಿಂಬದಿಯ ರೆಕಾರ್ಡಿಂಗ್ ಕಾಲು ಸೆಕೆಂಡಿನ ಹತ್ತಿರ ತಡವಾಗಿ ನಿಂತಿತ್ತು. ಸಿನಿಮಾದವರು ಇದಕ್ಕೆ ಚಪ್ಪಾಳೆ ಹಲಗೆ ಬಳಸುತ್ತಾರೆ. ಚಂಡೆಯಂಥ ಚೂಪು ಪೆಟ್ಟು ಆದಿ ಅಂತ್ಯ ಎರಡರಲ್ಲೂ ಇರುವಾಗ ನಮಗೆ ಅದರ ಹಂಗಿಲ್ಲ. ಶ್ರುತಿ ಕಾಪಾಡುವ ಆಯ್ಕೆಯನ್ನು ತೆಗೆದು ಆ ಟ್ರ್ಯಾಕನ್ನು ಕೂದಲೆಳೆಯಷ್ಟು ಕುಗ್ಗಿಸಿದೆ. ಶ್ರುತಿಯಲ್ಲಿ ಆಗುವ ವ್ಯತ್ಯಾಸ ಯಾವ ಭಾಗವತರ ಕಿವಿಗೂ ಸಿಗದು. ಶ್ರುತಿ ಕಾಪಾಡಲು ಹೊರಟರೆ ಸಾಫ್ಟ್‌ವೇರ್ ಮಾಡುವ ಕತ್ತರಿಸುವ ಜೋಡಿಸುವ ಕೆಲಸ ಮಾತ್ರ ಮಳೆಯ ಸದ್ದಿನಲ್ಲಿ ಎದ್ದು ಕೇಳುತ್ತದೆ.

ಆಮೇಲೆ ಬಂತು ನಿಜವಾದ ಪ್ರಶ್ನೆ: ಕೇಳುವವನನ್ನು ಎಲ್ಲಿ ಕೂರಿಸುವುದು? ರಂಗದ ನಡುವೆ ಕೂರಿಸಿದರೆ ಭಾಗವತರು ಎದುರು, ವಾಲಿ ಎಡಕಿವಿಯ ಪಕ್ಕ, ರಾಮ ಬಲಕಿವಿಯ ಪಕ್ಕ. ಐದೂ ಸ್ಪೀಕರಿಗೆ ಕೈತುಂಬ ಕೆಲಸ. ಮೊದಲು ಹಾಗೆಯೇ ಮಾಡಿ ನೋಡಿದೆ. ಎರಡು ಪದ್ಯದವರೆಗೆ ರೋಮಾಂಚನ, ಆಮೇಲೆ ತಲೆ ಆಚೀಚೆ ತಿರುಗಿಸಿ ಕುತ್ತಿಗೆ ನೋವು. ವಾಲಿಯೂ ರಾಮನೂ ಮಾತಾಡುವುದು ಒಬ್ಬರಿಗೊಬ್ಬರು, ಗುರಿ ಮಾತ್ರ ಸಭೆ. ಅವರ ನಡುವೆ ಮೂರನೆಯವನೊಬ್ಬ ಹೋಗಿ ಕೂತರೆ ಮಾತು ಅವನ ತಲೆಯ ಮೇಲೆ ಹಾದುಹೋಗುತ್ತದೆ. ಅದನ್ನೆಲ್ಲ ಅಳಿಸಿ ಕೇಳುಗನನ್ನು ಸಭೆಯ ಎರಡನೇ ಸಾಲಿಗೆ ತಂದು ಕೂರಿಸಿದೆ. ಈಗ ರಂಗವೆಲ್ಲ ಮುಂದಿನ ಮೂರು ಸ್ಪೀಕರುಗಳಲ್ಲಿ, ಸಭೆ ಮತ್ತು ಮಳೆ ಹಿಂದಿನ ಎರಡರಲ್ಲಿ. ಮುಂದೆ ಎದುರಾದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಈ ಒಂದು ತೀರ್ಮಾನದಿಂದಲೇ ಬಗೆಹರಿದವು.

ವಾಲಿಯನ್ನು ಪೂರ್ತಿ ಎಡ ಸ್ಪೀಕರಿಗೆ, ರಾಮನನ್ನು ಪೂರ್ತಿ ಬಲಕ್ಕೆ ತಳ್ಳಲಿಲ್ಲ. ಇಪ್ಪತ್ತು ನಿಮಿಷದ ಪೀಠಿಕೆಯನ್ನು ಒಂದೇ ಮೂಲೆಯಿಂದ ಕೇಳುವುದು ಶಿಕ್ಷೆ. ಇಬ್ಬರನ್ನೂ ನಡುವಿನ ಸ್ಪೀಕರಿಗೂ ಬದಿಯ ಸ್ಪೀಕರಿಗೂ ಮಧ್ಯದಲ್ಲಿಟ್ಟೆ. ಭಾಗವತರಿಗೆ ನಡುವಿನ ಸ್ಪೀಕರ್. ಆದರೆ ಮನೆಯ ಸೆಟ್‌ಗಳಲ್ಲಿ ನಡುವಿನದು ಸಾಮಾನ್ಯವಾಗಿ ಎಲ್ಲಕ್ಕಿಂತ ಬಡಕಲು, ಅದಕ್ಕೆ ಎಡಬಲಕ್ಕೂ ಸ್ವಲ್ಪ ಸ್ವರವನ್ನು ಹಂಚಿದೆ. ಚಂಡೆಯನ್ನು ಮಾತ್ರ ತುಸು ಬದಿಗೆ ಸರಿಸಿದೆ. ಏರುಪದ್ಯದಲ್ಲಿ ಅದರ ಪೆಟ್ಟು ಸಾಹಿತ್ಯವನ್ನು ನುಂಗುತ್ತದೆ. ಜಾಗ ಬೇರೆಯಾದರೆ ವಾಲ್ಯೂಮ್ ತಗ್ಗಿಸದೆಯೂ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ಸ್ಟೀರಿಯೊದಲ್ಲಿ ಇಷ್ಟರ ಮಟ್ಟಿಗೆ ಸಿಗದ ಸೌಕರ್ಯ ಇದು, ಸರೌಂಡ್‌ನಿಂದ ನನಗೆ ಆದ ದೊಡ್ಡ ಲಾಭವೂ ಇದೇ.

ಹೆಚ್ಚು ಹೊತ್ತು ತಿಂದದ್ದು ಒಬ್ಬರ ಮಾತು ಇನ್ನೊಬ್ಬರ ಮೈಕಿಗೆ ಸೋರುವುದು. ರಾಮನ ಮೈಕು ವಾಲಿಯಿಂದ ಆರೇಳು ಅಡಿ ದೂರ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ವಾಲಿಯ ಮಾತು ಅಲ್ಲಿಗೆ ಐದಾರು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡೂ ಮೈಕು ತೆರೆದಿದ್ದರೆ ಸ್ವರ ಟೊಳ್ಳಾಗುತ್ತದೆ. ಮಾತಿಲ್ಲದಾಗ ಮೈಕನ್ನು ತಾನಾಗಿಯೇ ಮುಚ್ಚುವ ಗೇಟ್ ಹಾಕಬಹುದಿತ್ತು, ಆದರೆ ಗೇಟ್ ಮುಚ್ಚಿದಾಗಲೆಲ್ಲ ಆ ಮೈಕಿನೊಳಗಿನ ಮಳೆಯೂ ನಿಂತು, ತೆರೆದಾಗ ಮತ್ತೆ ಸುರಿಯತೊಡಗುತ್ತದೆ. ಕೈಯಿಂದಲೇ ವಾಲ್ಯೂಮಿನ ಗೆರೆ ಎಳೆದೆ: ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕು ಹತ್ತು ಹನ್ನೆರಡು ಡೆಸಿಬೆಲ್ ಕೆಳಗೆ. ಪೀಠಿಕೆಯಲ್ಲಿ ಇದು ಸಲೀಸು. ಸಂವಾದ ಬಿಸಿಯೇರಿದಾಗ ಮಾತ್ರ ಬೆವರಿಳಿಯಿತು. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ವಾಲಿ ಕೇಳುವ ವಾಕ್ಯ ಮುಗಿಯುವ ಮೊದಲೇ ರಾಮ ‘ಹೂಂ’ ಎನ್ನುತ್ತಾನೆ. ಆ ಹೂಂಕಾರ ಕಳೆದುಹೋದರೆ ಮುಂದಿನ ಐದು ನಿಮಿಷದ ಉತ್ತರಕ್ಕೆ ಅಡಿಪಾಯವೇ ಇಲ್ಲ. ಅಂಥ ಜಾಗಗಳಲ್ಲಿ ಗೆರೆಯನ್ನು ಉಸಿರು ಉಸಿರಿಗೂ ತಿದ್ದಬೇಕಾಯಿತು. ಅರ್ಥ ನಡೆಯುವಾಗ ಚಂಡೆ ಸುಮ್ಮನಿರುತ್ತದೆ ಎಂಬುದೊಂದೇ ಸಮಾಧಾನ. ಆ ಮೈಕನ್ನು ಪದ್ಯದಿಂದ ಪದ್ಯದವರೆಗೆ ನಿಶ್ಚಿಂತೆಯಿಂದ ತಗ್ಗಿಸಿಡಬಹುದು. ನಡುವೆ ಕರೆಂಟು ಹೋಗುವುದು ನಮ್ಮ ಕಡೆ ಮಳೆಗಾಲದ ನಿತ್ಯವಿಧಿ. ಯುಪಿಎಸ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ.

ಹಿಂದಿನ ಸ್ಪೀಕರುಗಳಿಗೆ ಹಿಂಬದಿಯ ರೆಕಾರ್ಡಿಂಗ್. ನಲವತ್ತು ಅಡಿ ಎಂದರೆ ಚಂಡೆಯ ಪೆಟ್ಟು ಅಲ್ಲಿಗೆ ತಲುಪಲು 35 ಮಿಲಿಸೆಕೆಂಡ್. ಅಷ್ಟನ್ನೂ ಹಾಗೆಯೇ ಬಿಟ್ಟರೆ ಬಿರುಸಿನ ಮುಕ್ತಾಯಗಳಲ್ಲಿ ಪ್ರತಿ ಪೆಟ್ಟೂ ಎರಡೆರಡಾಗುತ್ತದೆ. ಪೂರ್ತಿ ತೆಗೆದು ಮುಂದಿನದಕ್ಕೆ ಸರಿಯಾಗಿ ಕೂಡಿಸಿದರೆ ಸಭಾಭವನವೇ ಕುಗ್ಗಿ ರಂಗ ಕೇಳುಗನ ಬೆನ್ನಿಗೆ ಅಂಟಿಕೊಳ್ಳುತ್ತದೆ. ಮುಂದಿನಿಂದ ಮೊದಲು ಬಂದ ಸದ್ದನ್ನೇ ಕಿವಿ ಮೂಲವೆಂದು ಹಿಡಿಯುತ್ತದೆ, ಅದರ ಬೆನ್ನಿಗೇ ಬಂದದ್ದನ್ನು ಅದರೊಳಗೆ ಸೇರಿಸಿಕೊಳ್ಳುತ್ತದೆ. ಆ ಗುಣವನ್ನು ನಂಬಿ ಸುಮಾರು 20 ಮಿಲಿಸೆಕೆಂಡಿನ ಅಂತರ ಉಳಿಸಿದೆ. ಕೆಳಗಿನ ಗುಂಯ್ ಎನ್ನುವ ಭಾಗವನ್ನು 100 ಹರ್ಟ್ಸ್‌ನ ಕೆಳಗೆ ಕತ್ತರಿಸಿದೆ. ಮಟ್ಟ ಎಷ್ಟಿರಬೇಕೆಂದು ನಿರ್ಧರಿಸಿದ್ದು ನಗು. ವಾಲಿಯ ಒಂದು ಮಾತಿಗೆ ಸಭೆಯೆಲ್ಲ ನಗುತ್ತದೆ. ಆ ನಗು ಹಿಂದಿನ ಸಾಲಿನವರದ್ದು ಎನ್ನಿಸಬೇಕು, ಯಾರೋ ಕಿವಿಯಲ್ಲೇ ನಕ್ಕಂತೆ ಆಗಬಾರದು. ಅದಕ್ಕೆ ಹೊಂದಿಸಿದ ಮಟ್ಟವೇ ಮಳೆಗೂ ಒಪ್ಪಿತು.

ಇನ್ನು 5.1ರ ಆ ‘.1’. ಎಲ್‌ಎಫ್‌ಇ ಎಂಬ ತಗ್ಗು ಸದ್ದಿನ ಚಾನೆಲ್ ಬೇರೆ, ಸಬ್‌ವೂಫರ್ ಬೇರೆ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಮದ್ದಳೆಯ ಮಂದ್ರ ನಾದವನ್ನು ಮುಂದಿನ ಚಾನೆಲ್‌ನಲ್ಲೇ ಬಿಟ್ಟರೂ ಸರಿಯಾಗಿ ಹೊಂದಿಸಿದ ಆಂಪ್ಲಿಫೈಯರ್ ಅದರ ಕೆಳಭಾಗವನ್ನು ತಾನೇ ಸಬ್‌ವೂಫರಿಗೆ ಕಳಿಸುತ್ತದೆ. ಎಲ್‌ಎಫ್‌ಇ ಇರುವುದು 120 ಹರ್ಟ್ಸ್‌ನ ಕೆಳಗಿನ ಹೆಚ್ಚುವರಿ ಆರ್ಭಟಕ್ಕೆ. ನುಡಿಸುವಾಗ ಅದಕ್ಕೆ 10 ಡೆಸಿಬೆಲ್ ಹೆಚ್ಚು ಬಲವೂ ಸಿಗುತ್ತದೆ. ತಾಳಮದ್ದಳೆಯಲ್ಲಿ ಅಂಥ ಸದ್ದು ಎಲ್ಲಿಂದ ಬರಬೇಕು? ಬಂದಿತ್ತು. ವಾಲಿ ಬೀಳುವ ಪದ್ಯಕ್ಕಿಂತ ಸ್ವಲ್ಪ ಮೊದಲು, ಯಾರೂ ಕರೆಯದೆ, ಆಕಾಶ ಗುಡುಗಿತ್ತು. ಇಡೀ ಮಿಕ್ಸಿನಲ್ಲಿ ಎಲ್‌ಎಫ್‌ಇಗೆ ಹೋದದ್ದು ಆ ಗುಡುಗು ಮಾತ್ರ. ಸ್ಟೀರಿಯೊಗೆ ಇಳಿಸುವಾಗ ಹೆಚ್ಚಿನ ಯಂತ್ರಗಳು ಎಲ್‌ಎಫ್‌ಇಯನ್ನು ಎಸೆದುಬಿಡುತ್ತವೆ, ಆದ್ದರಿಂದ ಗುಡುಗಿನ ಮೂಲ ಸದ್ದನ್ನು ಉಳಿದ ಚಾನೆಲ್‌ಗಳಲ್ಲೂ ಹಾಗೆಯೇ ಇಟ್ಟೆ.

ಮಿಕ್ಸ್ ಮುಗಿದ ಮೇಲೆ ಒಟ್ಟು ಗಟ್ಟಿತನ ಅಳೆದೆ, −24 ಎಲ್‌ಯುಎಫ್‌ಎಸ್ ಬಂತು. ಎಸಿ-3 ಕಡತದೊಳಗೆ ಡಯಲ್‌ನಾರ್ಮ್ ಎಂಬ ಅಂಕಿಯೊಂದು ಇರುತ್ತದೆ. ಮಾತಿನ ಸರಾಸರಿ ಮಟ್ಟ ಇಷ್ಟಿದೆ ಎಂದು ಅದು ಆಂಪ್ಲಿಫೈಯರಿಗೆ ಹೇಳುತ್ತದೆ, ಅದು −31ರ ಲೆಕ್ಕಕ್ಕೆ ಬರುವಷ್ಟು ತಗ್ಗಿಸಿಕೊಳ್ಳುತ್ತದೆ. ಎನ್‌ಕೋಡ್ ಮಾಡುವ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್‌ಗೆ ಏನೂ ಹೇಳದಿದ್ದರೆ −31 ಎಂದೇ ಬರೆಯುತ್ತದೆ, ಅಂದರೆ ಏನೂ ತಗ್ಗಿಸಬೇಡ ಎಂದು. ಆಗ ಸಿನಿಮಾ ನೋಡಿ ಮುಗಿಸಿ ಇದನ್ನು ಹಾಕಿದವನ ಮನೆಯಲ್ಲಿ ಭಾಗವತರು ಏಕಾಏಕಿ ಅಬ್ಬರಿಸುತ್ತಾರೆ. −24 ಎಂದು ಬರೆಸಿದೆ.

ಎನ್‌ಕೋಡಿಗೆ ಮೊದಲು ಆರು ಚಾನೆಲ್‌ನ ಮೂಲ ಕಡತ ಬೇಕು. ಅದು ಗಂಟೆಗೆ 3 ಗಿಗಾಬೈಟಿಗೂ ಮಿಗಿಲು. ಸಾಮಾನ್ಯ ವೇವ್ ಕಡತಕ್ಕೆ 4 ಗಿಗಾಬೈಟಿನ ಮಿತಿ, ಎಂದರೆ ಎಂಬತ್ತೆರಡು ನಿಮಿಷ ದಾಟುವಷ್ಟರಲ್ಲಿ ಅದರ ಕತೆ ಮುಗಿಯಿತು, ವಾಲಿ ಇನ್ನೂ ಯುದ್ಧಕ್ಕೇ ಹೊರಟಿರುವುದಿಲ್ಲ. ಆರ್‌ಎಫ್64 ಎಂಬ ದೊಡ್ಡ ರೂಪದಲ್ಲಿ ಬರೆಸಿದರೆ ಈ ತೊಂದರೆ ಇಲ್ಲ.

ಚಾನೆಲ್‌ಗಳ ಅನುಕ್ರಮ ಇನ್ನೊಂದು ಹಳೆಯ ಜಗಳ. ವೇವ್ ಕಡತದಲ್ಲಿ ಎಡ, ಬಲ, ನಡು, ಎಲ್‌ಎಫ್‌ಇ, ಆಮೇಲೆ ಹಿಂದಿನವು. ಸಿನಿಮಾದ ಪದ್ಧತಿಯಲ್ಲಿ ಎಡ, ನಡು, ಬಲ, ಹಿಂದಿನವು, ಕೊನೆಗೆ ಎಲ್‌ಎಫ್‌ಇ. ಎಸಿ-3ರ ಒಳಗಿನದೂ ಈ ಎರಡನೆಯದೇ, ಆದರೆ ಎನ್‌ಕೋಡರ್ ತಾನೇ ಬದಲಿಸಿಕೊಳ್ಳುತ್ತದೆ. ನಾವು ಮೊದಲೇ ಬದಲಿಸಿ ಕೊಟ್ಟರೆ ಎರಡು ಸಲ ಬದಲಾಗಿ ಎಲ್ಲ ಕಲಸಿಹೋಗುತ್ತದೆ. ಮೀಟರ್ ನೋಡಿ ಇದನ್ನು ಹಿಡಿಯುವುದು ಕಷ್ಟ. ಅದಕ್ಕೇ ಮಗಳ ಕೈಲಿ ‘ಎಡ’, ‘ನಡು’, ‘ಬಲ’, ‘ಹಿಂದೆ ಎಡ’, ‘ಹಿಂದೆ ಬಲ’ ಎಂದು ಹೇಳಿಸಿ, ಒಂದೊಂದನ್ನೂ ಅದರದರ ಚಾನೆಲ್‌ನಲ್ಲಿಟ್ಟು, ಅರ್ಧ ನಿಮಿಷದ ಪರೀಕ್ಷಾ ಕಡತ ಮಾಡಿದೆ. ಅದನ್ನು ಇಡೀ ದಾರಿಯಲ್ಲಿ ಹಾಯಿಸಿ, ಕೊನೆಗೆ ಹೊರಬಂದ ಎಸಿ-3ಯನ್ನು ಮತ್ತೆ ನುಡಿಸಿ ಕೇಳಿದೆ. ಭಾವನಿಗೂ ಮೊದಲು ಕಳಿಸಿದ್ದು ಅದನ್ನೇ. ‘ಹಿಂದೆ ಎಡ’ ಬಲಗಡೆಯಿಂದ ಬರುತ್ತಿದೆ ಎಂದು ಫೋನ್ ಬಂತು. ತಂತಿ ಅದಲುಬದಲಾಗಿದ್ದದ್ದು ಅವನ ಮನೆಯಲ್ಲೇ, ಹೋಮ್ ಥಿಯೇಟರ್ ಕೊಂಡ ದಿನದಿಂದ.

ಬಿಟ್‌ರೇಟ್ ಆರಿಸಲು ಮಳೆಗಿಂತ ಕಟುವಾದ ಪರೀಕ್ಷಕ ಇಲ್ಲ. ಒಂದು ಸದ್ದಿನ ನೆರಳಿನಲ್ಲಿ ಅಡಗುವ ಇನ್ನೊಂದು ಸದ್ದನ್ನು ಕೈಬಿಟ್ಟು ಜಾಗ ಉಳಿಸುವುದು ಈ ತಂತ್ರದ ಗುಟ್ಟು. ಭಾಗವತರ ರಾಗದಲ್ಲಿ ಹಾಗೆ ಬಿಡಬಹುದಾದದ್ದು ಬೇಕಾದಷ್ಟಿದೆ. ಮಳೆಯಲ್ಲಿ ಎಲ್ಲ ಸ್ವರಗಳೂ ಏಕಕಾಲಕ್ಕೆ ಒಂದೇ ಸಮ ಇರುವುದರಿಂದ ಬಿಡಲು ಏನೂ ಸಿಗುವುದಿಲ್ಲ. ಸೆಕೆಂಡಿಗೆ 192 ಕಿಲೋಬಿಟ್‌ನಲ್ಲಿ ಮಾತು ಪರವಾಗಿಲ್ಲ, ಹಿಂದಿನ ಮಳೆ ಮಾತ್ರ ಲೋಳೆಲೋಳೆ. 320ರಲ್ಲಿ ಸುಧಾರಿಸಿತು. 448ರಲ್ಲಿ ತಗಡಿನ ಮೇಲಿನ ಹನಿ ಹನಿಯಾಗಿಯೇ ಕೇಳಿತು. 640 ಎಸಿ-3ರ ಗರಿಷ್ಠ ಮಿತಿ, ಆದರೆ ಡಿವಿಡಿಗೆ 448ರವರೆಗೆ ಮಾತ್ರ ಅವಕಾಶ, ನನ್ನ ಕಿವಿಗೆ ಎರಡರ ನಡುವಿನ ವ್ಯತ್ಯಾಸವೂ ಸಿಗಲಿಲ್ಲ. 448ಕ್ಕೇ ನಿಂತೆ. ಗಂಟೆಗೆ ಸುಮಾರು 200 ಮೆಗಾಬೈಟ್, ಪೂರ್ತಿ ಪ್ರಸಂಗ 600ರ ಆಸುಪಾಸು.

ಸಂಘದ ಉಳಿದವರೆಲ್ಲ ಕೇಳುವುದು ಫೋನಿನಲ್ಲಿ, ಎರಡೇ ಕಿವಿಗೆ. ಆರನ್ನು ಎರಡಕ್ಕೆ ಇಳಿಸುವಾಗ ನಡುವಿನ ಚಾನೆಲ್ ಎಷ್ಟು ತಗ್ಗಬೇಕು, ಹಿಂದಿನವು ಎಷ್ಟು ತಗ್ಗಬೇಕು ಎಂಬ ಸೂಚನೆಯನ್ನೂ ಎಸಿ-3ರೊಳಗೆ ಬರೆಯಬಹುದು. ಎಫ್‌ಎಫ್‌ಎಂಪೆಗ್ ತಾನಾಗಿ ನಡುವಿಗೆ −4.5, ಹಿಂದಿನವಕ್ಕೆ −6 ಡೆಸಿಬೆಲ್ ಹಾಕುತ್ತದೆ. ಅಷ್ಟು ತಗ್ಗಿದರೆ ಚಂಡೆಯ ಎದುರು ಭಾಗವತರು ಸೋಲುತ್ತಾರೆ, ನಡುವನ್ನು −3 ಮಾಡಿದೆ. ಹಿಂದಿನದನ್ನು ಮುಟ್ಟಲಿಲ್ಲ, ಇಯರ್‌ಫೋನಿನಲ್ಲಿ ಮಳೆ ಕಡಿಮೆಯಿದ್ದರೇ ಚೆಂದ. ಅದೇ ಲೆಕ್ಕದಲ್ಲಿ ಪ್ರತ್ಯೇಕ ಸ್ಟೀರಿಯೊ ಕಡತವನ್ನೂ ಮಾಡಿ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ನಕ್ಕವರೆಲ್ಲ ಕೇಳಿದ್ದು ಅದನ್ನೇ, ಆದ್ದರಿಂದ ನಕ್ಕದ್ದನ್ನು ಅವರು ಇನ್ನೂ ಹಿಂತೆಗೆದುಕೊಂಡಿಲ್ಲ.

ಬೆಂಗಳೂರಿಗೆ ಹೋದಾಗ ಭಾವನ ಹಾಲ್‌ನಲ್ಲಿ ಕೂತು ಕೇಳಿದೆ. ಮೊದಲ ನಿಮಿಷದಲ್ಲೇ ಏನೋ ಸರಿಯಿಲ್ಲ ಅನ್ನಿಸಿತು, ಭಾಗವತರು ಬಾವಿಯೊಳಗಿಂದ ಹಾಡುತ್ತಿದ್ದರು. ಆಂಪ್ಲಿಫೈಯರಿನಲ್ಲಿ ‘ಹಾಲ್’ ಎಂಬ ಎಫೆಕ್ಟ್ ಹಾಕಿಟ್ಟಿದ್ದ. ಮೂರು ಗಂಟೆಯ ನಿಜವಾದ ಸಭಾಭವನದ ಮೇಲೆ ಯಂತ್ರದ ಸಭಾಭವನ ಇನ್ನೊಂದು. ಅದನ್ನು ತೆಗೆದ ಮೇಲೆ ಸರಿಯಾಯಿತು. ಗುಡುಗು ಬಂದಾಗ ಅತ್ತೆ ಒಳಗಿನಿಂದ ಬಂದು, “ಬಟ್ಟೆ ಒಣಹಾಕಿತ್ತು, ತೆಗೀರೋ” ಎಂದರು. ಭಾವ ನಿಜವಾಗಿಯೂ ಬಾಲ್ಕನಿಗೆ ಹೋಗಿ ನೋಡಿ ಬಂದ.

ಎಸಿ-3 ಹಂಚುವುದಕ್ಕೆ ಮಾತ್ರ. ಕಾಪಿಡುವುದಕ್ಕೆ ಆರು ಚಾನೆಲ್‌ನ ಫ್ಲ್ಯಾಕ್ ಕಡತ ಮಾಡಿಟ್ಟಿದ್ದೇನೆ, ಅದರಲ್ಲಿ ಏನೂ ನಷ್ಟವಾಗುವುದಿಲ್ಲ, ಎಂಟು ಚಾನೆಲ್‌ವರೆಗೆ ಹಿಡಿಯುತ್ತದೆ. ಬಿಡಿ ಟ್ರ್ಯಾಕುಗಳೂ ರೀಪರಿನ ಪ್ರಾಜೆಕ್ಟೂ ಬೇರೆ ಡಿಸ್ಕಿನಲ್ಲಿವೆ. ಮುಂದಿನ ಮಳೆಗಾಲದಲ್ಲಿ ಹಿಂಬದಿಗೆ ಬೇರೆ ರೆಕಾರ್ಡರ್ ಬೇಡ, ಉದ್ದ ಕೇಬಲ್ ಎಳೆದು ಎಲ್ಲವನ್ನೂ ಒಂದೇ ಯಂತ್ರಕ್ಕೆ ತರಬೇಕೆಂದಿದ್ದೇನೆ. ಗಡಿಯಾರದ ತಂಟೆ ಅಲ್ಲಿಗೆ ತೀರುತ್ತದೆ. ಅದಕ್ಕೆ ಚಂಡೆಗೂ ಮದ್ದಳೆಗೂ ಭಾಗವತರಿಗೂ ಸೇರಿ ಒಂದೇ ಮೈಕಿನಲ್ಲಿ ಸುಧಾರಿಸಬೇಕಾಗುತ್ತದೆ. ಯಾವುದನ್ನು ಬಿಡುವುದು ಎಂದು ಭಾಗವತರನ್ನೇ ಕೇಳಿದೆ. “ಚಂಡೆಯದ್ದು ತೆಗೀರಿ, ಅದು ಹೇಗಿದ್ದರೂ ನನ್ನ ಮೈಕಿಗೇ ಬರ್ತದೆ” ಎಂದರು.